ಮುಂಡಪ್ಪನವರ ಸ್ವೆಟರು ತೊಟ್ಟ ಮಕ್ಕಳು

ಹಾಲಿನವನ ಸೈಕಲ್ ಗಂಟೆ ಕೇಳುವ ಮೊದಲೇ ವಾರಿಜಕ್ಕನ ಸೂಜಿ ಎದ್ದಿರುತ್ತದೆ. ಡೊಂಬಿವಲಿ ಪೂರ್ವದ ಹಳೇ ಚಾಳಿನ ಸಾಲುಮನೆಗಳ ಮುಂದಿನ ಗ್ಯಾಲರಿಯಲ್ಲಿ ಚಾಪೆ, ಚಾಪೆಯ ಮೇಲೆ ಟವೆಲು, ಟವೆಲಿನ ಮೇಲೆ ಪುಟ್ಟ ಹಸಿರು ಸ್ವೆಟರೊಂದು ಬಿಡಿ ಬಿಡಿಯಾಗಿ ಅಂಗಾತ ಬಿದ್ದಿದೆ: ಬೆನ್ನು, ಎದೆ, ಎರಡು ತೋಳು. ಯಾರೋ ಬೊಂಬೆಯನ್ನು ಕಡಿದು ಹಾಕಿದ್ದಾರೆಂದು ಪೊಲೀಸರಿಗೆ ಫೋನು ಮಾಡಬೇಕು, ಹಾಗಿದೆ. ವಾರಿಜಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮೊಂಡು ಮೂತಿಯ ಸೂಜಿಯಲ್ಲಿ ಬೆನ್ನಿಗೆ ಎದೆಯನ್ನು ಕೂಡಿಸುತ್ತಾ ಹೋಗುತ್ತಾರೆ. ಹೊಲಿಗೆ ಎಲ್ಲಿದೆಯೆಂದು ಹುಡುಕಲು ದೇವೇಂದ್ರ ಸಾವಿರ ಕಣ್ಣು ಬಿಟ್ಟುಕೊಂಡು ಬಂದರೂ ಸಿಗದು.

ಪಕ್ಕದಲ್ಲಿ ಗಂಡ ಮುಂಡಪ್ಪನವರು ಡಿಸೆಂಬರಿನ ಚಳಿಗೆ ಬೆಡ್‌ಶೀಟು ಹೊದ್ದುಕೊಂಡು ಚಹಾ ಕುಡಿಯುತ್ತಿದ್ದಾರೆ. ಊರಿನ ಸ್ವೆಟರುಗಳೆಲ್ಲ ಮುಗಿಯುವುದು ಇದೇ ಮನೆಯಲ್ಲಿ, ಯಜಮಾನರಿಗೆ ಮಾತ್ರ ಸ್ವೆಟರಿಲ್ಲ.

"ಕೇಳಿ, ಇವಳನ್ನೇ ಕೇಳಿ," ಎಂದು ಅವರು ಬಂದವರಿಗೆ ಗದ್ದ ಮುಂದೆ ಮಾಡಿ ಹೆಂಡತಿಯನ್ನು ತೋರಿಸುತ್ತಾರೆ. "ನನ್ನ ಸ್ವೆಟರು ಎಲ್ಲಿ ಹೋಯ್ತು ಅಂತ."

"ಎಲ್ಲಿ ಹೋಗುದು? ಶಾಲೆಗೆ ಹೋಗ್ತಾ ಉಂಟು," ಎನ್ನುತ್ತಾರೆ ವಾರಿಜಕ್ಕ, ತಲೆ ಎತ್ತದೆ.

ಈ ಕೆಲಸದಲ್ಲಿ ಹೆಣೆಯುವವರು ಬೇರೆ, ಮುಗಿಸುವವರು ಬೇರೆ. ಒಂದು ಕಾಲದಲ್ಲಿ ಬೆಳಗಿನ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಎಷ್ಟು ಉಲ್ಲನ್ ಇರುತ್ತಿತ್ತೆಂದರೆ, ಡಬ್ಬಿಯೇ ಒಂದು ದೊಡ್ಡ ಕುರಿಯಾಗಿ ಥಾಣೆ ಶಹರಕ್ಕೆ ಓಡುತ್ತಿದ್ದಂತೆ ಕಾಣುತ್ತಿತ್ತು. ಕಾಲಿಡಲು ಜಾಗವಿಲ್ಲದಿದ್ದರೂ ಬೆರಳಾಡಿಸಲು ಜಾಗವಿತ್ತು. ಈಗ ಅದೇ ಬೆರಳುಗಳು ಮೊಬೈಲಿನ ಮೇಲೆ ಓಡುತ್ತವೆ. ಆದರೂ ಹೆಣೆಯುವ ಕೆಲವರು ಉಳಿದಿದ್ದಾರೆ. ಬೆನ್ನು, ತೋಳು ಎಲ್ಲವನ್ನೂ ಹುರುಪಿನಿಂದ ಹೆಣೆದು, ಜೋಡಿಸುವ ಹೊತ್ತಿಗೆ ಅವರಿಗೆ ಆಕಳಿಕೆ ಬರುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ವಾರಿಜಕ್ಕನ ಬಾಗಿಲಿಗೆ ತರುತ್ತಾರೆ.

"ಹೆಣೀಲಿಕ್ಕೆ ಎಲ್ಲರಿಗೂ ಕುಶಿ," ಎನ್ನುತ್ತಾರೆ ವಾರಿಜಕ್ಕ. "ಹೆಣೆದು ಉಳಿದ ನೂಲಿನ ಬಾಲ ಅಡಗಿಸ್ಲಿಕ್ಕೆ ಯಾರಿಗೂ ಬೇಡ. ಊರಿನ ಬಾಲ ಎಲ್ಲ ನನ್ನ ಪಾಲಿಗೆ."

ಬಾಲ ಅಡಗಿಸಿ, ಪಕ್ಕ ಕೂಡಿಸಿ, ಗುಂಡಿ ಹಾಕಿ, ಟೋಪಿಯ ನೆತ್ತಿಗೆ ಕುಚ್ಚು ಕಟ್ಟಿ, ಅಂಟುವಾಳದ ನೀರಿನಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಸುತ್ತಿ, ಚಾಪೆಯ ಮೇಲೆ ಅಳತೆಗೆ ಹರಡಿ ನೆರಳಲ್ಲಿ ಒಣಗಿಸಿದರೆ ಸ್ವೆಟರು ಹುಟ್ಟಿತು. ಹೆಸರು ಮಾತ್ರ ಹೆಣೆದವರದು.

ಉಡುಪಿ ಕಡೆಯಿಂದ ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ವಾರಿಜಕ್ಕ ಗಂಡನಿಗೊಂದು ಮರೂನ್ ಸ್ವೆಟರು ಹೆಣೆದಿದ್ದರು. ಮುಂಡಪ್ಪನವರು ಆಗ ಭಿವಂಡಿಯ ಗೋದಾಮಿನಲ್ಲಿ ರಾತ್ರಿಪಾಳಿಯ ಕಾವಲುಗಾರ. ಸ್ವೆಟರು ಅದೆಷ್ಟು ದಪ್ಪವೆಂದರೆ, ತೊಟ್ಟುಕೊಂಡು ಚಾಳಿನ ಮೆಟ್ಟಿಲಿಳಿದರೆ ಎದುರಿನವರು ವಾಪಸು ಇಳಿಯಬೇಕಿತ್ತಂತೆ.

ಅದಕ್ಕೆ ಮೊದಲ ಕತ್ತರಿ ಬಿದ್ದದ್ದು ಎರಡು ಸಾವಿರದ ಮೂರರಲ್ಲಿ. ಲೋಕಲಿನಲ್ಲಿ ಹೆಣೆಯುತ್ತಿದ್ದ ಹರಿಣಾಕ್ಷಿ ತನ್ನ ಹುಟ್ಟಲಿರುವ ಮಗುವಿಗೆ ಸ್ವೆಟರು ಮಾಡಿದ್ದಳು. ಅತ್ತೆ ಬಿಡಲಿಲ್ಲ. ತೊಟ್ಟಿಲು ಹಾಕುವವರೆಗೆ ಮಗುವಿನ ಮೈಗೆ ಹೊಸ ಬಟ್ಟೆ ಮುಟ್ಟಿಸಬಾರದು, ಹಿರಿಯರು ಉಟ್ಟ ಹಳೇ ಬಟ್ಟೆಯೇ ಆಗಬೇಕು. ಹರಿಣಾಕ್ಷಿ ಕಣ್ಣೀರು ತುಂಬಿಕೊಂಡು ಬಂದಾಗ ವಾರಿಜಕ್ಕ ಒಳಗೆ ಹೋದರು. ಮಲಗಿದ್ದ ಗಂಡನ ತಲೆದಿಂಬಿನ ಪಕ್ಕದಿಂದ ಸ್ವೆಟರೆತ್ತಿ, ಬಲತೋಳನ್ನು ಹೆಗಲಿನಲ್ಲಿ ಬಿಡಿಸಿ, ಆ ಹಳೇ ನೂಲಿನಿಂದಲೇ ಹೊಸ ಸ್ವೆಟರಿನ ಹೊಲಿಗೆಯನ್ನೆಲ್ಲ ಹಾಕಿದರು.

"ನಿನ್ನ ಅತ್ತೆಗೆ ಹೇಳು, ಇದು ಗಟ್ಟಿಮುಟ್ಟಾದ ಗಂಡಸು ಉಟ್ಟು ಹಳತಾದ್ದು ಅಂತ," ಎಂದು ಕಳಿಸಿದರು. ಅತ್ತೆ ಒಳಮೈ ತಿರುವಿ ಹೊಲಿಗೆ ನೋಡಿ ಒಪ್ಪಿದರು. ಆ ರಾತ್ರಿ ಮುಂಡಪ್ಪನವರು ಒಂದೇ ತೋಳಿನ ಸ್ವೆಟರಿನಲ್ಲಿ ಡ್ಯೂಟಿಗೆ ಹೋದರು.

ಸುದ್ದಿ ಲೋಕಲಿಗಿಂತ ಬೇಗ ಓಡಿತು. ಬಸುರಿಯರು ಸಾಲುಗಟ್ಟಿದರು. ವರ್ಷ ವರ್ಷ ಒಂದಿಷ್ಟು ಎಳೆಯಾಗಿ ಎಡತೋಳೂ ಹೋಯಿತು. ಉಳಿದ ಬನಿಯನ್ನಿನಂಥ ತುಂಡನ್ನು ಮುಂಡಪ್ಪನವರು ಕಾವಲುಗಾರನ ನಿಷ್ಠೆಯಿಂದ ಕಾದುಕೊಂಡರು: "ಇದರದ್ದೊಂದು ಎಳೆ ಮುಟ್ಟಿದರೆ ನಾನು ಕಾಶಿಗೆ."

ತೋಳುಗಳ ನೂಲಿನಲ್ಲಿ ಕೊನೆಗೆ ನೆಲ್ಲಿಕಾಯಿಯಷ್ಟು ಉಂಡೆ ಉಳಿಯಿತು. ಅದನ್ನು ವಾರಿಜಕ್ಕ ಉಪ್ಪಿನಕಾಯಿಯ ಖಾಲಿ ಭರಣಿಯಲ್ಲಿ ಮುಚ್ಚಿಟ್ಟರು. ಮಹಾಪೆಯ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ರಮಿತಾ ಈಗ ಬಸುರಿ. ಆ ನೂಲು ಅವಳ ಮಗುವಿಗೆ. ರಮಿತಾಗೆ ಮಾತ್ರ ಬೇಡ. "ಅಮ್ಮಾ, ಪ್ಲೀಸ್, ವೋ ಪುರಾನಾ ಧಾಗಾ ನಹೀ. ಹಳೇ ನೂಲು ಯಾಕೆ? ಮಾಲ್‌ನಲ್ಲಿ ಎಷ್ಟು ಕ್ಯೂಟ್ ಸೆಟ್ ಸಿಗ್ತದೆ." ವಾರಿಜಕ್ಕ ಭರಣಿಯ ಮುಚ್ಚಳವನ್ನು ಇನ್ನಷ್ಟು ಬಿಗಿದರು.

ಹೋದ ತಿಂಗಳು ಬೆಳಕು ಹರಿಯುವ ಮೊದಲೇ ಹರಿಣಾಕ್ಷಿ ಮತ್ತೆ ಬಾಗಿಲು ಬಡಿದಳು. ಕಲ್ಯಾಣದ ಆಸ್ಪತ್ರೆಯಲ್ಲಿ ಅವಳ ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ನರ್ಸು ಟೋಪಿ ತರಲು ಹೇಳಿದ್ದಳು.

"ಒಂದಲ್ಲ ವಾರಿಜಕ್ಕ, ಅವಳಿ. ಮುಷ್ಟಿಯಷ್ಟು ಸಹ ಇಲ್ಲ," ಎಂದು ಹೆಣೆದ ತುಂಡುಗಳನ್ನು ಕೈಗಿಟ್ಟಳು. ಆಮೇಲೆ ಭರಣಿಯತ್ತ ನೋಡಿ, "ಬೇಡ. ಅದು ರಮಿತಾಂದು. ಬೇರೆ ನೂಲಲ್ಲಿ ಹೊಲೀರಿ, ಹಳತೇ ಆಗ್ಬೇಕು ಅನ್ನುವ ಅಮ್ಮನಿಗೆ ನಾನೇ ಹೇಗಾದ್ರೂ ಹೇಳ್ತೇನೆ," ಎಂದಳು.

ವಾರಿಜಕ್ಕ ಭರಣಿಯನ್ನು ಕೈಗೆತ್ತಿಕೊಂಡು ಸೆರಗಿನಿಂದ ಒರೆಸಿದರು. ಮತ್ತೆ ಮುಚ್ಚಳ ತೆರೆದರು. "ಹುಟ್ಟಿದವು ಕಾಯುದಿಲ್ಲ ಮಾರಾಯ್ತಿ. ಹುಟ್ಲಿಕ್ಕಿರುವುದು ಕಾಯ್ತದೆ." ಎರಡು ಟೋಪಿ, ಎರಡು ಜೊತೆ ಕಾಲುಚೀಲಕ್ಕೆ ಉಂಡೆ ಖಾಲಿಯಾಯಿತು.

ಅವಳಿಗಳು ಈಗ ಕಲ್ಯಾಣದ ಇಡೀ ಬೀದಿಯ ನಿದ್ದೆ ಕೆಡಿಸುವಷ್ಟು ಗಟ್ಟಿಯಾಗಿ ಅಳುತ್ತವಂತೆ. ಹರಿಣಾಕ್ಷಿ ಅದನ್ನು, ನೂಲು ಮುಗಿದ ಸುದ್ದಿಯನ್ನೂ ಸೇರಿಸಿ, ರಮಿತಾಗೂ ಹೇಳಿದ್ದಾಳೆ. ಮರುಕ್ಷಣವೇ ಮಗಳ ಫೋನು ಬಂತು.

"ಸಬ್ ಕೆ ಬಚ್ಚೋಂ ಕೋ ದಿಯಾ! ಎಲ್ಲರ ಮಕ್ಕಳಿಗೂ ಆಯ್ತು, ಪಪ್ಪನ ಸ್ವೆಟರಿಂದು ನನ್ನ ಮಗುಗೇ ಇಲ್ವಾ ಅಮ್ಮಾ?"

"ನೀನೇ ಬೇಡ ಅಂದದ್ದಲ್ವಾ?"

"ಬೋಲಾ ಥಾ, ಅಂದಿದ್ದೆ. ಹಾಗಂತ ಎಲ್ಲ ಖಾಲಿ ಮಾಡ್ತಾರಾ?" ಅತ್ತ ಮಗಳು ಅಳುತ್ತಿದ್ದಳು. ಇತ್ತ ವಾರಿಜಕ್ಕನಿಗೆ ಮಾತು ಹೊರಡಲಿಲ್ಲ. ಜೀವಮಾನದಲ್ಲಿ ಅದು ಎರಡನೆಯ ಸಲವಂತೆ. ಮೊದಲ ಸಲ ಮದುವೆಯ ಮಂಟಪದಲ್ಲಿ.

ಮುಂಡಪ್ಪನವರು ಎದ್ದರು. ಎರಡೂ ಕೈ ಮೇಲೆತ್ತಿ, ತಲೆಯ ಮೇಲಿಂದ ತೋಳಿಲ್ಲದ ಸ್ವೆಟರು ಕಳಚಿ, ಹೆಂಡತಿಯ ಮಡಿಲಿಗೆ ಹಾಕಿದರು.

"ಕೆಳಗಿಂದ ಬಿಚ್ಚು. ಕುತ್ತಿಗೆ ಒಂದು ಬಿಡು, ನನಗೆ ಕೆಮ್ಮು ಉಂಟು."

"ಕೆಳಗಿಂದ ಬಿಚ್ಚಿದ್ರೆ ಬರುದಿಲ್ಲ. ಕುತ್ತಿಗೆಯಿಂದಲೇ ಶುರು ಮಾಡ್ಬೇಕು."

"ಅಂದರೆ ಕುತ್ತಿಗೆ ಹೋಯ್ತು."

"ಅದು ನನ್ನನ್ನು ಕಟ್ಟಿಕೊಂಡ ದಿನವೇ ಹೋಗಿದೆ ಮಾರಾಯ್ರೆ."

ಇವತ್ತು ಟವೆಲಿನ ಮೇಲಿರುವ ಹಸಿರು ಸ್ವೆಟರು ರಮಿತಾಳ ಮಗುವಿಗೆ. ಒಳಗೆಲ್ಲ ಮರೂನ್ ನೂಲು, ಹೊರಗೆ ಒಂದು ಚುಕ್ಕೆಯೂ ಕಾಣದು. ಕೊನೆಯ ಬಾಲವನ್ನು ಅಡಗಿಸಿ, ಕತ್ತರಿಸಿ, ವಾರಿಜಕ್ಕ ಸ್ವೆಟರನ್ನು ಬೆಳಕಿಗೆ ಹಿಡಿಯುತ್ತಾರೆ. ಕೆಳಗೆ ಶಾಲೆಯ ರಿಕ್ಷಾಕ್ಕೆ ಮಕ್ಕಳು ಹತ್ತುತ್ತಿದ್ದಾರೆ.

ಏನಾದರೂ ಆಸೆ ಉಂಟೇ ಎಂದರೆ ಅವರಿಗೆ ನಾಚಿಕೆ. "ಆ ಮಕ್ಕಳೆಲ್ಲ ದೊಡ್ಡವರಾದ ಮೇಲೆ ಒಂದು ಸಲ ಬಂದು, ಒಂದೊಂದು ಎಳೆ ವಾಪಸು ಕೊಟ್ಟರೆ ಸಾಕು. ಇವರಿಗೊಂದು ಸ್ವೆಟರು ಹೆಣೆದುಬಿಡ್ತೇನೆ."

ಬೆಡ್‌ಶೀಟಿನೊಳಗಿಂದ ಮುಂಡಪ್ಪನವರ ದನಿ ಬರುತ್ತದೆ. "ಬರಲಿ. ಎಳೆ ಬೇಡ. ಯಾವ ಮಗು ನನ್ನ ಬಲತೋಳು, ಯಾವುದು ಎಡತೋಳು ಅಂತ ನನಗೆ ನೋಡ್ಲಿಕ್ಕೆ ಸಿಕ್ಕಿದ್ರೆ ಸಾಕು."