ನಾನು ಹುಡುಕದ ಶ್ರೀನಿವಾಸಮೂರ್ತಿ

ಬೆಂಗಳೂರಿನಲ್ಲಿ ನನಗೆ ಪರಿಚಯದವರು ಒಬ್ಬರೂ ಇಲ್ಲ. ಆದರೂ ಕಳೆದ ವಾರ ಕೆಂಗೇರಿ ಉಪನಗರದ ಒಂದು ಮನೆಯಲ್ಲಿ ಮೂರು ಅಕ್ಕಿರೊಟ್ಟಿ ತಿಂದು ಬಂದೆ. ಅದೂ ಹಳೆಯ ಸ್ನೇಹಿತನಾಗಿ!

ಆದದ್ದಿಷ್ಟು. ದೆಹಲಿಯಿಂದ ಮಂಗಳೂರಿಗೆ ಹೊರಟವನು ಬೆಂಗಳೂರಿನಲ್ಲಿ ವಿಮಾನ ಬದಲಿಸಬೇಕಿತ್ತು. ನಡುವೆ ಒಂಬತ್ತು ಗಂಟೆ. ಏರ್‌ಪೋರ್ಟಿನ ಕುರ್ಚಿಯಲ್ಲಿ ಬೆನ್ನು ನೋಯಿಸಿಕೊಳ್ಳುವ ಬದಲು ಊರು ನೋಡೋಣ ಎನಿಸಿತು. ಮೆಜೆಸ್ಟಿಕ್‌ಗೆ ಬಂದು, ಕಿಟಕಿ ಪಕ್ಕದ ಸೀಟು ಖಾಲಿ ಕಂಡ ಬಸ್ ಹತ್ತಿದೆ. ಅದು ಕೆಂಗೇರಿ ಉಪನಗರಕ್ಕೆ ಹೋಗಿ ನಿಂತಿತು. (ಬೇರೆಯವರು ಹೀಗೆ ಸಿಂಗಾಪುರ ನೋಡುತ್ತಾರೆ. ನನ್ನ ಹಣೆಬರಹ!)

ಅಡ್ಡರಸ್ತೆಗಳಲ್ಲಿ ಸುಮ್ಮನೆ ನಡೆದೆ. ನಮ್ಮ ಬಡಾವಣೆಗಳಲ್ಲಿ ಸುಮ್ಮನೆ ನಡೆಯುವ ಹಾಗಿಲ್ಲ ಎಂದು ಗೊತ್ತಾದದ್ದು ಆಗಲೇ. ಒಂದೇ ಗೇಟಿನ ಮುಂದೆ ಮೂರನೇ ಸಲ ಹಾದಾಗ ಒಳಗಿದ್ದ ಆಂಟಿ ಕೇಳಿಯೇಬಿಟ್ಟರು.

"ಯಾರ್ ಮನೆ ಬೇಕಿತ್ತು?"

ಯಾರದೂ ಬೇಡ ಎಂದರೆ ನಂಬುತ್ತಾರೆಯೇ? ಕಳ್ಳ ಎಂದುಕೊಳ್ಳುತ್ತಾರೆ. ಬಾಯಿಗೆ ಬಂದ ಹೆಸರು ಹೇಳಿದೆ.

"ಶ್ರೀನಿವಾಸಮೂರ್ತಿ ಅಂತ..."

"ರಿಟೈರ್ಡ್ ಮೇಷ್ಟ್ರಾ?"

ಹೂಂ ಎಂದೆ. (ಮತ್ತೇನು ಹೇಳಲಿ?)

ಆಂಟಿ ಇಸ್ತ್ರಿ ಗಾಡಿಯವನನ್ನು ಕೂಗಿದರು. "ಇವ್ರನ್ನ ಮೇಷ್ಟ್ರ ಮನೆಗೆ ಬಿಟ್ಟು ಬಾಪ್ಪಾ!" ಅವನು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಮುಂದೆ ನಡೆದ. ಓಡಿಹೋಗುವ ಧೈರ್ಯವಿಲ್ಲದೆ ನಾನು ಹಿಂದೆ ನಡೆದೆ.

ಬಾಗಿಲು ತೆರೆದ ಮೇಷ್ಟ್ರು ನನ್ನನ್ನೇ ಐದು ಸೆಕೆಂಡ್ ನೋಡಿದರು. "ಅಯ್ಯೋ, ಬನ್ನಿ ಬನ್ನಿ! ಎಷ್ಟ್ ವರ್ಷ ಆಯ್ತು! ಮನೇಲಿ ಎಲ್ಲಾ ಆರಾಮಾ?"

ಆರಾಮ ಎಂದೆ. ಅದಂತೂ ನಿಜ. ಅವರ ಹೆಂಡತಿ ರೊಟ್ಟಿ ತಟ್ಟಿದರು. ಸತ್ಯ ಹೇಳಲು ಬಾಯಿ ತೆರೆದಾಗಲೆಲ್ಲ ಚಟ್ನಿ ಬಡಿಸಿದರು. ಇತ್ತ ವಿಮಾನಕ್ಕೆ ಮೂರೇ ಗಂಟೆ ಉಳಿದಿತ್ತು.

ಹೊರಟಾಗ ಮೇಷ್ಟ್ರು ಬಸ್‌ಸ್ಟಾಪಿನವರೆಗೂ ಬಂದರು. ಬಸ್ ದೂರದಲ್ಲಿ ಕಂಡಾಗ ದನಿ ತಗ್ಗಿಸಿದರು.

"ತಪ್ಪು ತಿಳ್ಕೋಬೇಡಿ ಸಾರ್. ನೀವ್ಯಾರು ಅಂತ ನೆನಪಾಗ್ಲೇ ಇಲ್ಲ. ನಮ್ಮಪ್ಪನಿಗೂ ಮರೆವಿನ ಕಾಯಿಲೆ ಹೀಗೇ ಶುರುವಾಗಿದ್ದು."

ಅವರ ಮುಖದಲ್ಲಿ ಹೆದರಿಕೆ ಇತ್ತು. ನನಗೆ ನಾಚಿಕೆಯಾಯಿತು. ಬಸ್ ಬಂದು ನಿಂತರೂ ಹತ್ತಲಿಲ್ಲ. ಒಂಬತ್ತು ಗಂಟೆಯ ಬಿಡುವು, ಖಾಲಿ ಸೀಟು, ಆಂಟಿ, ಸುಳ್ಳು ಹೆಸರು, ಎಲ್ಲವನ್ನೂ ಒಪ್ಪಿಸಿದೆ. ಬೈಗುಳಕ್ಕೂ ಸಿದ್ಧನಾದೆ.

ಮೇಷ್ಟ್ರು ನಡುರಸ್ತೆಯಲ್ಲೇ ಖುಷಿಯಿಂದ ಎರಡೂ ಕೈ ಮೇಲೆತ್ತಿಬಿಟ್ಟರು. "ಅಂದ್ರೆ ನನ್ ತಲೆ ಸರಿಯಾಗೇ ಇದೆ!"

ಮುಂದಿನ ಬಸ್ ಹಿಡಿದು, ವಿಮಾನವನ್ನು ಕೊನೆಯವನಾಗಿ ಹತ್ತಿದೆ. ಮೇಷ್ಟ್ರ ತಲೆ ಸರಿಯಿದೆ, ಸಂತೋಷ. ಸಿಕ್ಕ ಒಂಬತ್ತು ಗಂಟೆಯಲ್ಲಿ ಕೆಂಗೇರಿ ನೋಡಲು ಹೊರಟ ನನ್ನದು?