ಭೀಮಮ್ಮನ ಕೆಂಪು ಬಾವುಟ

ಹದಿನಾಲ್ಕು ದಿನ ಕೆಂಪು ಬಾವುಟ ಬೀಸಿದ ಕೂಲಿಯನ್ನು ಭೀಮಮ್ಮನಿಗೆ ರಸ್ತೆ ಗುತ್ತಿಗೆದಾರ ಇನ್ನೂ ಕೊಟ್ಟಿಲ್ಲ. ಘಣಸೋಲಿಯಲ್ಲಿ ನಮ್ಮ ಗಲ್ಲಿ ಹೈವೇಗೆ ಸೇರುವಲ್ಲಿ ರಸ್ತೆ ಕೆಲಸ ಮುಗಿದರೂ ಸಿಗ್ನಲ್ ಬರಲಿಲ್ಲ. ಕಲಬುರಗಿ ಕಡೆಯಿಂದ ಇಲ್ಲಿಗೆ ದುಡಿಯಲು ಬಂದ ಈ ಹೆಂಗಸು ಬಾವುಟವನ್ನು ತಾನೇ ಇಟ್ಟುಕೊಂಡು, ಎರಡು ವರ್ಷ ದಿನಾ ಬೆಳಿಗ್ಗೆ ಲಾರಿ ತಡೆದು ಶಾಲೆಯ ಮಕ್ಕಳನ್ನು ದಾಟಿಸಿದಳು. ಹೋದ ತಿಂಗಳು ಪೊಲೀಸನೊಬ್ಬ ಪರವಾನಗಿ ಕೇಳಿ ಬಾವುಟ ಕಿತ್ತುಕೊಂಡ.

“ಇಲ್ಲಿ ಸಾಯಾಕ ಯಾರ ಪರವಾನಗಿ ತರಬೇಕ್ರಿ ಸಾಹೇಬ್ರ?” ಎಂದಳು.

ಮರುದಿನ ಬರಿಗೈ ಎತ್ತಿ ನಿಂತಳು. ಲಾರಿ ನಿಲ್ಲಲಿಲ್ಲ. ಮಕ್ಕಳನ್ನು ಹಿಂದಕ್ಕೆ ನೂಕಿದಳು, ಅವಳ ಕಾಲು ಚಕ್ರದಡಿ ಹೋಯಿತು.

ನಾವು ಕೊಟ್ಟ ಹನ್ನೊಂದು ಅರ್ಜಿಗಳಿಂದ ಒಂದು ಹಂಪ್ ಕೂಡ ಬಂದಿಲ್ಲ, ಬರುವ ನಂಬಿಕೆ ನನಗೂ ಉಳಿದಿಲ್ಲ. ಮಕ್ಕಳು ಮಾತ್ರ ದಾಟುತ್ತಲೇ ಇದ್ದಾರೆ. ಓದಿ ಮರುಗಬೇಡಿ. ನಾಳೆ ಬೆಳಿಗ್ಗೆ ಏಳಕ್ಕೆ ಬಂದು ರಸ್ತೆಗೆ ಅಡ್ಡ ನಿಲ್ಲಿ.