ನಿಜಾಮುದ್ದೀನನ ಪಾಲಿನ ಚೆಂಡು

ಬೆಳಿಗ್ಗೆ ಆರು ಗಂಟೆಗೆ ಆಳಂದದ ಹಳೆಯ ಬ್ಯಾಡ್ಮಿಂಟನ್ ಅಂಗಳಕ್ಕೆ ಹೋದರೆ ಬಸವಂತರಾಯ ಬಲೆಯ ಮುಂದೆ ನಿಂತಿರುವುದು ಕಾಣುತ್ತದೆ. ನಿಂತಿರುವುದು ಎಂದರೆ ನಿಂತೇ ಇರುವುದು. ಚೆಂಡು ಕೈಗೆ ಸಿಗುವಷ್ಟು ಹತ್ತಿರ ಹಾದುಹೋದರೂ, ಅದು ಅಂಗಳದ ತನ್ನ ಅರ್ಧಕ್ಕೆ ಸೇರಿದ್ದಲ್ಲ ಎಂದಾದರೆ ಆಸಾಮಿ ಮಿಸುಕುವುದಿಲ್ಲ. ಆರಡಿ ಎತ್ತರ, ಉದ್ದನೆಯ ಕೈ, ಅರವತ್ಮೂರರಲ್ಲೂ ದೂರದ ಬೋರ್ಡು ಓದುವ ಕಣ್ಣು. ದೇವರು ಇಷ್ಟೆಲ್ಲ ಕೊಟ್ಟದ್ದು ಬಲೆಗೆ ಮೂರನೆಯ ಕಂಬವಾಗಲಿ ಎಂದಂತೂ ಅಲ್ಲ.

ಆಟದ ಹೆಸರು ಪಿಕಲ್‌ಬಾಲ್. ಮೈತುಂಬ ತೂತಿರುವ ಪ್ಲಾಸ್ಟಿಕ್ ಚೆಂಡು, ಗಿಡ್ಡ ಹಿಡಿಕೆಯ ಬ್ಯಾಟು, ಸೊಂಟದೆತ್ತರದ ಬಲೆ, ಒಂದೊಂದು ಕಡೆ ಇಬ್ಬಿಬ್ಬರು. ಬಲೆಯ ಎರಡೂ ಬದಿಗೆ ಏಳೇಳು ಅಡಿ ಜಾಗಕ್ಕೆ ಕಿಚನ್ ಎಂದು ಹೆಸರು. ಅದರೊಳಗೆ ಕಾಲಿಟ್ಟು ಚೆಂಡನ್ನು ಗಾಳಿಯಲ್ಲೇ ಹೊಡೆಯುವಂತಿಲ್ಲ. ಆ ಗೆರೆಯ ಅಂಚಿನಲ್ಲಿ ನಿಂತವನೇ ಆಟದ ಯಜಮಾನ. ಕಲ್ಯಾಣಕುಮಾರ ಎಂಬ ಪಿ.ಟಿ. ಮಾಸ್ತರ ಈ ಹುಚ್ಚನ್ನು ಕಲಬುರಗಿಯಿಂದ ತಂದು ಊರಿಗೆ ಹಚ್ಚಿದ. "ನಮ್ಮ ಮನಿ ಅಡಗಿಮನಿಗೆ ಒಂದಿನಾ ಕಾಲಿಡಲಿಲ್ಲ, ಈಗ ನೋಡ್ರಿ, ಊರ ಅಡಗಿಮನಿ ಕಾಯಾಕ ಹೊಂಟಾರ" ಎಂದು ಬಸವಂತರಾಯನ ಹೆಂಡತಿ ಗೌರಾಬಾಯಿ ಓಣಿಯಲ್ಲೆಲ್ಲ ಹೇಳಿಕೊಂಡು ನಕ್ಕಳು.

ಬಸವಂತರಾಯ ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು. ಆಳಂದದಿಂದ ಅಫಜಲಪುರ, ಅಲ್ಲಿಂದ ಜೇವರ್ಗಿ, ಮತ್ತೆ ವಾಪಸ್. ಅದರಲ್ಲಿ ಹನ್ನೊಂದು ವರ್ಷ ಅವನ ಕಂಡಕ್ಟರ್ ಆಗಿದ್ದವನು ನಿಜಾಮುದ್ದೀನ. ಈಗ ಆಟದಲ್ಲಿ ಅವನ ಜೋಡಿಯೂ ಅವನೇ. ನಿಜಾಮುದ್ದೀನನ ಬಲಗಾಲಿನಲ್ಲಿ ಕಬ್ಬಿಣದ ಸಲಾಕೆ ಇದೆ, ಮೊಣಕಾಲು ಪೂರ್ತಿ ಮಡಚುವುದಿಲ್ಲ. ಆದರೂ ಕೈ ಮಾತ್ರ ಬಲು ಚುರುಕು. ಹಿಂದಿನ ಗೆರೆಯಲ್ಲಿ ನಿಂತು ಆತ ಚೆಂಡನ್ನು ಬೇಕೆಂದ ಕಡೆ ಇಡಬಲ್ಲ. ಅಲ್ಲಿಂದ ಬಲೆಯವರೆಗೆ ಓಡಿಬರುವುದೇ ಆಗದ ಕೆಲಸ. ಎದುರಿನವರಿಗೆ ಇದು ತಿಳಿಯಲು ಎರಡು ದಿನ ಸಾಕಾಯಿತು. ಪ್ರತಿ ಚೆಂಡನ್ನೂ ಕುಂಟುತ್ತ ಬರುವ ಅವನ ಕಾಲ ಬುಡಕ್ಕೇ ಹೊಡೆಯತೊಡಗಿದರು.

ಇದಕ್ಕೆ ಮದ್ದು ಒಂದೇ. ಬಲೆಯ ಹತ್ತಿರ ನಿಂತವನು ಅಡ್ಡ ಹಾರಿ, ಜೋಡಿಯವನ ಕಡೆಗೆ ಹೊರಟ ಚೆಂಡನ್ನು ನಡುವೆಯೇ ಹೊಡೆದು ಮುಗಿಸಬೇಕು. ಪೋಚಿಂಗ್ ಎನ್ನುತ್ತಾರೆ ಎಂದು ಕಲ್ಯಾಣಕುಮಾರ ಹೇಳಿಕೊಟ್ಟ. "ಸರ್ವಿಸ್ ಆಗೂಕಿಂತ ಮೊದಲ ಬೆನ್ನ ಹಿಂದ ಕೈ ತೋರಸ್ರಿ, ರಾಯರ. ಅಂಗೈ ಬಿಚ್ಚಿದ್ರ ಅಡ್ಡ ಹೋಗ್ತೇನಿ ಅಂತ, ಮುಷ್ಟಿ ಮಾಡಿದ್ರ ಇಲ್ಲೇ ಇರ್ತೇನಿ ಅಂತ. ಹಿಂದಿನವರು ನೋಡಿ, ನೀವು ಬಿಟ್ಟ ಜಾಗಕ್ಕ ಸರೀತಾರ."

ಬಸವಂತರಾಯ ಒಂದು ತಿಂಗಳು ಬರೀ ಮುಷ್ಟಿ ತೋರಿಸಿದ.

ಕೊನೆಗೆ ನಿಜಾಮುದ್ದೀನನೇ ಒಂದು ಉಪಾಯ ಹುಡುಕಿದ. ಬಸ್ಸಿನಲ್ಲಿ ಕೂಗುತ್ತಿದ್ದಂತೆ ಹಿಂದಿನಿಂದ "ರೈಟ್!" ಎಂದು ಕೂಗಿದ. ಏನಾಶ್ಚರ್ಯ, ಬಸವಂತರಾಯ ತಟ್ಟನೆ ಹೊರಟ! ಅಂಗಳದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಅವನು ಹೊರಡುವಷ್ಟರಲ್ಲಿ ಚೆಂಡು ದಾಟಿಹೋಗಿತ್ತು. ಪ್ರತಿಸಲವೂ ಹಾಗೆಯೇ ಆಯಿತು.

"ಯಾರರೆ ಹೇಳಿದ ಮ್ಯಾಲೆ ಹೋದ್ರ ಸಿಗಂಗಿಲ್ರಿ," ಎಂದ ಕಲ್ಯಾಣಕುಮಾರ. "ಎದುರಿನವರ ಬ್ಯಾಟು ಯಾ ಕಡೆ ತಿರಗ್ತದ ಅಂಬೋದು ನಿಮಗ ಕಾಣಸ್ತದ. ನೀವೇ ತಿಳಕೊಂಡು ಹೋಗಬೇಕು."

ಬಸವಂತರಾಯ ತಲೆಯಾಡಿಸಿದ. ತಾನೇ ತಿಳಿದುಕೊಂಡು ಹೊರಡುವುದನ್ನು ಅವನು ಬಿಟ್ಟು ಹದಿನಾರು ವರ್ಷವಾಗಿತ್ತು. ಅದನ್ನು ಮಾಸ್ತರನಿಗೆ ಹೇಗೆ ಹೇಳುವುದು?

ಹದಿನಾರು ವರ್ಷದ ಹಿಂದೆ, ಕಬ್ಬು ಕಡಿಯುವ ಕಾಲದಲ್ಲಿ, ಕರಜಗಿಯ ನಿಲ್ದಾಣದಲ್ಲಿ ಬಸ್ಸು ನಿಂತಿತ್ತು. ಮಗ್ಗುಲಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಒಂದೊಂದರಲ್ಲೂ ಕಿವಿ ಹರಿಯುವ ಟೇಪು. ಮುದುಕಿಯೊಬ್ಬಳ ಜೋಳದ ಚೀಲ ಏರಿಸಲು ನಿಜಾಮುದ್ದೀನ ಕೆಳಗಿಳಿದಿದ್ದ. ಒಂದು ಸೀಟಿ ಅಂದರೆ ನಿಲ್ಲಿಸು, ಎರಡು ಅಂದರೆ ಹೊರಡು. ಬಸವಂತರಾಯ ಗೇರು ಹಾಕಿ ಹೊರಟ. ಹಿಂದೆ ಜನ ಹೋ ಎಂದು ಚೀರಿದರು. ಇಳಿದು ನೋಡಿದರೆ ನಿಜಾಮುದ್ದೀನನ ಕಾಲು ಹಿಂದಿನ ಗಾಲಿಯ ಹತ್ತಿರ ನೋಡಬಾರದ ರೀತಿಯಲ್ಲಿ ತಿರುಗಿತ್ತು.

ಸೀಟಿ ಕೇಳಿದೆನೇ, ಕೇಳಲಿಲ್ಲವೇ? ಎಷ್ಟು ಸಲ ನೆನೆಸಿಕೊಂಡರೂ ಅವನಿಗೆ ಸೀಟಿಯ ಸದ್ದು ಸಿಗಲಿಲ್ಲ. ಟ್ರ್ಯಾಕ್ಟರಿನ ಹಾಡು ಮಾತ್ರ ಸಿಕ್ಕಿತು. ಮೇಲಿನವರು ಕೇಳಿದಾಗ "ಸೀಟಿ ಇಲ್ದ ತಗದೀನ್ರಿ, ತಪ್ಪು ನಂದೇ" ಎಂದು ಬರೆದುಕೊಟ್ಟ. ಶಿಕ್ಷೆಯಾಯಿತು, ಉಂಡ. ನಿಜಾಮುದ್ದೀನ ಆಸ್ಪತ್ರೆಯಿಂದ ಬಂದಮೇಲೆ ಬಸ್ ನಿಲ್ದಾಣದ ಕೌಂಟರಿನಲ್ಲಿ ಕೂತ. ಇವನು ಬೇರೆ ಕಂಡಕ್ಟರುಗಳ ಜೊತೆ ಗಾಡಿ ಓಡಿಸಿದ. ಎರಡು ಸೀಟಿ ಕೇಳಿದರೂ, ಕನ್ನಡಿಯಲ್ಲಿ ಅವರ ಮುಖ ಬಸ್ಸಿನೊಳಗೆ ಕಾಣುವ ತನಕ ಕ್ಲಚ್ಚು ಬಿಡಲಿಲ್ಲ.

ಕಡಗಂಚಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಹಿರಿಯರ ಡಬಲ್ಸ್ ಪಂದ್ಯ ಇಟ್ಟಿದ್ದಾರೆ ಎಂದು ಸುದ್ದಿ ಬಂದ ದಿನ, ನಿಜಾಮುದ್ದೀನನ ಹೆಂಡತಿ ನಜಮುನ್ನಿಸಾ ಬಸವಂತರಾಯನನ್ನು ಮನೆಗೆ ಕರೆಸಿದಳು. ಚಹಾ ಕೊಟ್ಟು ಎದುರಿಗೆ ಕೂತಳು. "ಅಣ್ಣಾ, ರಿಟೈರ್ ಆದಾಗಿಂದ ಇವ್ರು ಗ್ವಾಡಿಗೆ ಮುಖ ಮಾಡಿ ಮಲಗಿ ಬಿಡತಿದ್ರು. ಈ ಆಟ ಬಂದ ಮ್ಯಾಲೆ ಮನಿಯೊಳಗ ನಗಿ ಕೇಳಸ್ಲಾಕತ್ತದ. ಆದ್ರ ದಿನಾ ಮೊಣಕಾಲು ಬಾತುಕೊಂಡು ಬರ್ತಾರ. ಇನ್ನೊಮ್ಮಿ ಜೋರ್ ಬಿದ್ರ ಸಲಾಕಿ ಸರೀತದ ಅಂದಾರ ಡಾಕ್ಟರ್. ನೀವ್ ಮುಂದ ನಿಂತು ನೋಡ್ತೀರಿ, ಇವ್ರು ಹಿಂದ ಓಡ್ತಾರ. ಕಡಗಂಚಿದೊಂದು ಆಡ್ರಿ. ಮತ್ತ ಕಾಲು ಬಾತ್ರ, ಖುದಾನ ಆಣಿ, ಬ್ಯಾಟು ಒಲಿಗೆ ಹಾಕ್ತೇನಿ."

ಬಸವಂತರಾಯ ಚಹಾದ ಕಪ್ಪು ಕೆಳಗಿಟ್ಟ. ಒಮ್ಮೆ ಹೊರಟು ಗೆಳೆಯನ ಕಾಲು ಕಳೆದಿದ್ದ. ಈಗ ಹೊರಡದೆ ಅವನ ನಗೆ ಕಳೆಯಲಿದ್ದ.

ಕಡಗಂಚಿಯಲ್ಲಿ ಎದುರಾದವರು ಜೇವರ್ಗಿಯ ತೊಗರಿ ವ್ಯಾಪಾರಿಗಳು, ಪೀರಪ್ಪ ಮತ್ತು ಗುರುಶಾಂತ. ಒಳ್ಳೆಯ ಮನುಷ್ಯರೇ, ಆದರೆ ವ್ಯಾಪಾರಿಗಳು. ಎಲ್ಲಿ ಸೋವಿ ಎಂದು ಬೇಗ ಕಂಡುಕೊಂಡರು. ಹನ್ನೊಂದು ಪಾಯಿಂಟಿನ ಆಟ ಹತ್ತು–ಏಳಕ್ಕೆ ಬಂದಿತ್ತು, ಹತ್ತು ಅವರದು. ಸರ್ವಿಸ್ ಮಾಡಿದ ಕಡೆಗೆ ಮಾತ್ರ ಪಾಯಿಂಟು, ಸರ್ವಿಸ್ ಈಗ ಅವರ ಕೈಯಲ್ಲಿತ್ತು. ನಿಜಾಮುದ್ದೀನನ ಕಡೆಗೆ ಇನ್ನೊಂದು ಚೆಂಡು ಹೋಯಿತು. ಬಸವಂತರಾಯನ ಮೊಳಕೈ ಸವರಿಕೊಂಡೇ ಹೋಯಿತು ಎನ್ನಬಹುದು. ನಿಜಾಮುದ್ದೀನ ಅದನ್ನು ಹೇಗೋ ಮುಟ್ಟಿದ, ಪೀರಪ್ಪ ಹೊರಗೆ ಹೊಡೆದು ಸರ್ವಿಸ್ ಕಳೆದುಕೊಂಡ, ಆದರೆ ನಿಜಾಮುದ್ದೀನ ಮಂಡಿಯೂರಿ ಬಿದ್ದಿದ್ದ.

ಬಸವಂತರಾಯ ಓಡಿಹೋಗಿ ಎಬ್ಬಿಸಿದ. ಟೈಮ್‌ಔಟ್ ಕೇಳಿ ಬೆಂಚಿನ ಮೇಲೆ ಕೂರಿಸಿದ. 

"ನನ್ನ ಕೈಲೆ ಆಗಂಗಿಲ್ಲ, ನಿಜಾಮ. ಸೀಟಿ ಇಲ್ದ ಒಮ್ಮಿ ಹೊಂಟೆ, ಸಾಕಾಗೇದ ನಂಗ. ನಿನ್ನ ಮುಂದ ಅಡ್ಡ ಹೋಗಬೇಕಂದ್ರ ಕಣ್ಣಿಗೆ ಕರಜಗಿನೇ ಬರ್ತದ."

ನಿಜಾಮುದ್ದೀನ ನೀರಿನ ಬಾಟಲಿ ಬಾಯಿಂದ ತೆಗೆದ. "ಸೀಟಿ ಇಲ್ದ? ಯಾರಂದ್ರು?"

"ನಾನೇ ಬರದು ಕೊಟ್ಟೀನಲ್ಲ."

"ಬಸಣ್ಣಾ, ಸೀಟಿ ಹೊಡದಿದ್ದೆ ನಾ. ಎರಡೂ ಹೊಡದಿದ್ದೆ. ಒಂದು ಕಾಲು ಬಸ್ಸಿನ ಪಾವಟಿಗಿ ಮ್ಯಾಲೆ ಇತ್ತು, ಹಿಡಕಿ ಕೈಗೆ ಸಿಕ್ಕಿರಲಿಲ್ಲ. ಗಡಿಬಿಡಿ ಮಾಡ್ದವ ನಾನು. ನಿಂಗ ಗೊತ್ತಿರಲಿಲ್ಲ?"

"ಇಲ್ಲಲೇ."

"ಗೊತ್ತಿದ್ದೂ ನನ್ನ ನೌಕರಿ ಉಳಸಾಕ ಸುಳ್ಳು ಬರದು ಕೊಟ್ಟಾನ ಅಂತ ತಿಳಕೊಂಡಿದ್ದೆ," ಎಂದ ನಿಜಾಮುದ್ದೀನ. ಅವನ ದನಿ ಇಳಿದಿತ್ತು. "ಅಂಥಾ ಉಪಕಾರ ಬಾಯಿಲೆ ಆಡಬಾರದು ಅಂತ ಸುಮ್ಮನಿದ್ದೆ. ಹದಿನಾರು ವರ್ಷ ನೀ ಖರೇನೇ ನಿಂದೇ ತಪ್ಪು ಅಂತ..."

 ಬಸವಂತರಾಯನಿಗೆ ಸಿಟ್ಟು ಬರಬೇಕಿತ್ತೋ ಏನೋ, ಬಂದದ್ದು ಅಳು. ಇಬ್ಬರು ಮುದುಕರು ಬ್ಯಾಟು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕಣ್ಣೊರೆಸಿಕೊಂಡರು. ಸೋಲಿನ ದುಃಖ ಎಂದುಕೊಂಡ ಗುರುಶಾಂತ, "ಇನ್ನಾ ಆಟ ಅದರೀ, ಯಾಕ ಅಷ್ಟು ಮನಸಿಗೆ ಹಚ್ಕೋತೀರಿ" ಎಂದು ದೂರದಿಂದಲೇ ಸಮಾಧಾನ ಹೇಳಿದ.

ನಿಜಾಮುದ್ದೀನ ಎದ್ದು ನಿಂತ. ನಿಂತದ್ದು ನೋಡಿ ಬಸವಂತರಾಯನೂ ಎದ್ದ. ತಮ್ಮ ಪಾಳಿಯ ಎರಡೂ ಸರ್ವಿಸ್ ಇವರ ಕೈಯಿಂದ ಪಾಯಿಂಟಿಲ್ಲದೆ ಸುಮ್ಮನೆ ಹೋದವು. ಮತ್ತೆ ಪೀರಪ್ಪನ ಸರ್ವಿಸ್. ಬಸವಂತರಾಯ ಗೆರೆಯ ಅಂಚಿಗೆ ಹೋಗಿ ನಿಂತು, ಬೆನ್ನ ಹಿಂದೆ ಅಂಗೈ ಬಿಚ್ಚಿದ.

ನಿಜಾಮುದ್ದೀನ ಸರ್ವಿಸನ್ನು ಆಳಕ್ಕೆ ಹಿಂತಿರುಗಿಸಿದ. ಪೀರಪ್ಪನ ಭುಜ ತಿರುಗಿತು, ಬ್ಯಾಟು ಬಾಗಿತು, ಚೆಂಡು ಎಂದಿನಂತೆ ಕುಂಟುಗಾಲಿನ ಕಡೆಗೇ ಹೊರಟಿತು. ಯಾರೂ ಏನೂ ಕೂಗಲಿಲ್ಲ. ಬಸವಂತರಾಯ ಹೊರಟ. ಎರಡೇ ಹೆಜ್ಜೆ. ಬ್ಯಾಟಿಗೆ ಚೆಂಡು ಟಕ್ಕೆಂದು ಸಿಕ್ಕಿತು, ನೇರ ಹೋಗಿ ಬಲೆಗೆ ಬಿತ್ತು.

ಹನ್ನೊಂದು–ಏಳು. ಸೋತರು.

ಅವನು ಹೆದರುತ್ತಲೇ ಹಿಂದೆ ತಿರುಗಿ ನೋಡಿದ. ನಿಜಾಮುದ್ದೀನ ಎಲ್ಲೂ ಬಿದ್ದಿರಲಿಲ್ಲ. ಇವನು ಬಿಟ್ಟುಬಂದ ಅರ್ಧಕ್ಕೆ ನಿಧಾನವಾಗಿ ನಡೆದುಬಂದು, ಬ್ಯಾಟು ಎತ್ತಿ, ಚೆಂಡು ಮರಳಿ ಬಂದರೆ ಹೊಡೆಯಲು ಸಿದ್ಧನಾಗಿ ನಿಂತಿದ್ದ. ಓಡಿರಲಿಲ್ಲ.

ಸಂಜೆ ನಜಮುನ್ನಿಸಾ ಗಂಡನ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ನೋಡಿದಳು. ಮಂಡಿ ತರಚಿತ್ತು, ಬಾತಿರಲಿಲ್ಲ. ಬ್ಯಾಟು ಒಲೆಗೆ ಹೋಗಲಿಲ್ಲ.

ಅದರ ಮುಂದಿನ ಸೋಮವಾರ ಆಳಂದದ ಅಂಗಳದಲ್ಲಿ ಬಸವಂತರಾಯನನ್ನು ಹಿಡಿಯುವವರೇ ಇರಲಿಲ್ಲ. ಮೊದಲ ಚೆಂಡಿಗೆ ಅಡ್ಡ ಹೋದ, ಎರಡನೆಯದಕ್ಕೂ ಹೋದ, ಮೂರನೆಯದು ನಿಜಾಮುದ್ದೀನನ ಕೈಯೊಳಗೇ ಬಂದು ಬೀಳುವಂತಿತ್ತು, ಅದಕ್ಕೂ ಹಾರಿ ಹೊರಗೆ ಹೊಡೆದ.

"ಅದು ನಂದಿತ್ತಲೇ, ಹಲ್ಕಟ್ಟ!" ನಿಜಾಮುದ್ದೀನ ಅಂಗಳವೇ ಬೆಚ್ಚುವಂತೆ ಒದರಿದ. "ನನಗೊಂದರೆ ಬಿಡ್ತೀ ಇಲ್ಲ?"

ಒಂದು ಕಾಲದಲ್ಲಿ ಆಳಂದದಿಂದ ಅಫಜಲಪುರ ಮುಟ್ಟುವುದರೊಳಗೆ ಈ ಮನುಷ್ಯ ಬಸವಂತರಾಯನನ್ನು ಹತ್ತು ಸಲ ಬೈಯುತ್ತಿದ್ದ. ಕರಜಗಿಯ ನಂತರ ಒಮ್ಮೆಯೂ ಬೈಯದೆ ಮರ್ಯಾದೆಯಿಂದಲೇ ಮಾತಾಡಿದ್ದ. ಆ ಮರ್ಯಾದೆಯ ಮಾತು ಕೇಳಿದಾಗಲೆಲ್ಲ, ನನ್ನನ್ನು ಇನ್ನೂ ಮಾಫು ಮಾಡಿಲ್ಲ ಎಂದೇ ಬಸವಂತರಾಯ ಒಳಗೊಳಗೆ ಬೇಯುತ್ತಿದ್ದ.

"ಇನ್ನೊಮ್ಮಿ ಬೈ," ಎಂದ ಅವನು, ಬಲೆ ಹಿಡಿದುಕೊಂಡು ನಗುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು. ನಿಜಾಮುದ್ದೀನ ಹತ್ತಿರ ಬಂದು, ಹದಿನಾರು ವರ್ಷದ ಬಾಕಿಯೆಲ್ಲ ಮನಸಾರೆ ಬೈದ.